ಇಳಿದದ್ದು ಕೊಬ್ಬೋ, ಸ್ನಾಯುವೋ? ಊಟ, ನಿದ್ದೆ ಮತ್ತು ತೂಕದ ಲೆಕ್ಕ

2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಕ್ಕಪಕ್ಕದಲ್ಲಿ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ಇಬ್ಬರೂ ನೋಡೋಕೆ ಸಣ್ಣಗೇ ಇದ್ದಾರೆ. ಆದರೆ ದೇಹದಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆದಾಗ ಲಂಡನ್ ವೈದ್ಯರದ್ದು 9.1 ಶೇಕಡ, ನಮ್ಮ ಪುಣೆಯವರದ್ದು 21.2 ಶೇಕಡ. ಎರಡು ಪಟ್ಟಿಗೂ ಜಾಸ್ತಿ!

ತೂಕ ಇಳಿಸಬೇಕು ಅಂತ ಹೊರಟವರೆಲ್ಲ ಮೊದಲು ತಿಳಿದುಕೊಳ್ಳಬೇಕಾದ ವಿಷಯ ಇದು. ಮಷೀನ್ ಮೇಲೆ ನಿಂತರೆ ಅದು ಒಟ್ಟು ತೂಕ ತೋರಿಸುತ್ತದೆ, ಅಷ್ಟೇ. ಅದರಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು, ನೀರೆಷ್ಟು ಅಂತ ಹೇಳುವುದಿಲ್ಲ. ಭಾರತೀಯರಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಈ ಥರದ ಮೈಕಟ್ಟು ತುಂಬಾ ಸಾಮಾನ್ಯ. ಬೇರೆಯವರಿಗಿಂತ ಕಡಿಮೆ ತೂಕದಲ್ಲೇ, ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಆದ್ದರಿಂದಲೇ ಭಾರತೀಯರಿಗೆ ಅಳತೆಗೋಲು ಬೇರೆ. ಪಾಶ್ಚಾತ್ಯರಿಗೆ ಬಿಎಂಐ 25 ದಾಟಿದರೆ ತೂಕ ಜಾಸ್ತಿ ಅಂತ ಲೆಕ್ಕ, ನಮಗೆ 23 ದಾಟಿದರೇ ಜಾಸ್ತಿ. 165 ಸೆಂಟಿಮೀಟರ್ ಎತ್ತರದವರಿಗೆ 23 ಅಂದರೆ ಸುಮಾರು 63 ಕೆ.ಜಿ. "ನಾನೇನು ದಪ್ಪ ಇಲ್ವಲ್ಲ" ಅನ್ನುವ ಎಷ್ಟೋ ಜನ ಈ ಗೆರೆ ದಾಟಿರುತ್ತಾರೆ.

ಬಿಎಂಐಗಿಂತಲೂ ಸುಲಭದ, ಹೆಚ್ಚು ನಂಬಬಹುದಾದ ಅಳತೆ ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪ್ ಹಿಡಿಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟಾಗ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಪ್ಯಾಂಟಿನ ಸೈಜ್ ನಂಬಬೇಡಿ, ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ.

ಹೊಟ್ಟೆಯ ಕೊಬ್ಬಿನ ಬಗ್ಗೆಯೇ ಯಾಕಿಷ್ಟು ಮಾತು? ತೊಡೆಯ ಕೊಬ್ಬು ಬಹುಮಟ್ಟಿಗೆ ಸುಮ್ನೆ ಕೂತಿರುತ್ತದೆ. ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರಿಕೊಂಡ ಕೊಬ್ಬು ಹಾಗಲ್ಲ. ಅದರಿಂದ ಕೊಬ್ಬಿನಂಶ ಹೊರಬಂದು ಲಿವರ್ ಸೇರುತ್ತದೆ, ಅಲ್ಲಿ ಶೇಖರವಾಗುತ್ತದೆ. ಆಮೇಲೆ ಲಿವರ್, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದಿಲ್ಲ. ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಎಲ್ಲಾ ಒಂದರ ಹಿಂದೆ ಒಂದು ಬರುವ ದಾರಿ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಇನ್ನು ಸ್ನಾಯು. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ಎಳೆದುಕೊಳ್ಳುವ ಅತಿ ದೊಡ್ಡ ಜಾಗ ಅದೇ. ಸ್ನಾಯು ಕಡಿಮೆಯಾದಷ್ಟೂ ಸಕ್ಕರೆಗೆ ಹೋಗಲು ಜಾಗವಿಲ್ಲ. ಹಾಗಾಗಿ 'ಐದು ಕೆ.ಜಿ. ಇಳಿಸಿದೆ' ಅಂತ ಯಾರಾದರೂ ಹೇಳಿದರೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಇಳಿದದ್ದು ಏನು?

ಮೊದಲ ವಾರದ ಸಂತೋಷ

ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರದಲ್ಲೇ ಎರಡು ಮೂರು ಕೆ.ಜಿ. ಇಳಿಯುವುದುಂಟು. ಕಾರಣ ಸರಳ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ರೂಪದಲ್ಲಿ ಒಂದಷ್ಟು ಸಕ್ಕರೆ ಕೂಡಿಟ್ಟಿರುತ್ತದೆ, ಸುಮಾರು ಅರ್ಧ ಕೆ.ಜಿ.ಯಷ್ಟು. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿರುತ್ತದೆ. ಅನ್ನ, ರೊಟ್ಟಿ, ಮುದ್ದೆ ನಿಂತಾಗ ಈ ದಾಸ್ತಾನು ಖರ್ಚಾಗುತ್ತದೆ, ಅದರ ನೀರು ಮೂತ್ರದಲ್ಲಿ ಹೋಗುತ್ತದೆ. ಕೊಬ್ಬು ಇನ್ನೂ ಅಷ್ಟಾಗಿ ಕರಗಿರುವುದಿಲ್ಲ. ಯಾವುದೋ ಮದುವೆ ಮನೆಯಲ್ಲಿ ಎರಡು ಹೊತ್ತು ಚೆನ್ನಾಗಿ ಉಂಡರೆ ದಾಸ್ತಾನು ಮತ್ತೆ ತುಂಬುತ್ತದೆ, ನೀರೂ ವಾಪಸ್ಸು ಬರುತ್ತದೆ. "ಅಯ್ಯೋ, ಎರಡೇ ದಿನಕ್ಕೆ ಎರಡು ಕೆ.ಜಿ. ಏರಿಬಿಟ್ಟೆ" ಅಂತ ಗಾಬರಿ ಬೀಳುತ್ತಾರೆ. ಇಳಿದದ್ದೂ ನೀರು, ಏರಿದ್ದೂ ನೀರು. ಈ ಗಾಬರಿಯಲ್ಲೇ ಎಷ್ಟೋ ಜನ ಒಳ್ಳೆಯ ಅಭ್ಯಾಸವನ್ನು ಅರ್ಧಕ್ಕೆ ಕೈಬಿಡುತ್ತಾರೆ, ಅದು ಬೇಜಾರಿನ ಸಂಗತಿ.

ತೂಕ ನೋಡಲೇಬೇಕೆಂದರೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ನೋಡಿ. ತಿಂಗಳಿಗೊಮ್ಮೆ ಟೇಪ್ ಹಿಡಿಯಿರಿ. ಮಷೀನ್ ಒಂದು ಹೇಳಿ ಟೇಪ್ ಇನ್ನೊಂದು ಹೇಳಿದರೆ ಟೇಪ್ ನಂಬಿ.

ನಿದ್ದೆ ಕೆಟ್ಟರೆ ಪಥ್ಯವೂ ಕೆಡುತ್ತದೆ

ಊಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಿದ್ದೆಯನ್ನು ಮಾತ್ರ ತೂಕದ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ನನ್ನ ಮಟ್ಟಿಗೆ ನಿದ್ದೆಯ ವಿಷಯವೇ ಮೊದಲು ಬರಬೇಕು. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ತೂಕ ಜಾಸ್ತಿ ಇದ್ದ 10 ಜನರ ಮೇಲೆ ಒಂದು ಪ್ರಯೋಗ ನಡೆಯಿತು. 2010ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ಕ್ಯಾಲೊರಿ ಕಡಿಮೆ ಮಾಡಿದ ಊಟ ಕೊಟ್ಟರು. ಎರಡು ವಾರ ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿರಲು ಬಿಟ್ಟರು. ಬೇರೆ ಎರಡು ವಾರ ಅದೇ ಜನರಿಗೆ, ಅಂಥದೇ ಪಥ್ಯ ಕೊಟ್ಟು, ಹಾಸಿಗೆಯಲ್ಲಿರಲು ಐದೂವರೆ ಗಂಟೆ ಮಾತ್ರ ಬಿಟ್ಟರು. ಎರಡು ಸಲವೂ ತೂಕ ಇಳಿದದ್ದು ಹೆಚ್ಚುಕಮ್ಮಿ ಒಂದೇ, ಸುಮಾರು ಮೂರು ಕೆ.ಜಿ. ಮಷೀನ್ ಮಟ್ಟಿಗೆ ಏನೂ ವ್ಯತ್ಯಾಸ ಇಲ್ಲ.

ಒಳಗೆ ನೋಡಿದಾಗ ಕಥೆಯೇ ಬೇರೆ. ಚೆನ್ನಾಗಿ ಮಲಗಿದಾಗ ಇಳಿದದ್ದರಲ್ಲಿ 1.4 ಕೆ.ಜಿ. ಕೊಬ್ಬು. ನಿದ್ದೆಗೆಟ್ಟಾಗ ಕೊಬ್ಬು ಕರಗಿದ್ದು ಬರೀ 0.6 ಕೆ.ಜಿ. ಉಳಿದದ್ದು? ಸ್ನಾಯು ಮುಂತಾದ ಕೊಬ್ಬಲ್ಲದ ಭಾಗ. ಅದು ಚೆನ್ನಾಗಿ ಮಲಗಿದಾಗ 1.5 ಕೆ.ಜಿ. ಹೋಗಿದ್ದರೆ, ನಿದ್ದೆ ಕಡಿಮೆಯಾದಾಗ 2.4 ಕೆ.ಜಿ. ಹೋಗಿತ್ತು. ಕೊಟ್ಟಿಗೆ ತುಂಬಾ ಸೌದೆ ಇಟ್ಟುಕೊಂಡು ಮನೆಯ ತೊಲೆ ಮುರಿದು ಒಲೆ ಉರಿಸಿದ ಹಾಗೆ. ಅದೂ ಸಾಲದು ಅಂತ ನಿದ್ದೆಗೆಟ್ಟ ದಿನಗಳಲ್ಲಿ ಅವರಿಗೆ ಹಸಿವೂ ಜಾಸ್ತಿ ಆಗುತ್ತಿತ್ತು.

ಹತ್ತೇ ಜನರ ಪ್ರಯೋಗ, ನಿಜ. ಆದರೆ ಒಬ್ಬರನ್ನೇ ಎರಡೂ ರೀತಿ ಇಟ್ಟು, ತಿಂದದ್ದನ್ನೆಲ್ಲ ತೂಗಿ ಕೊಟ್ಟು ಮಾಡಿದ್ದರಿಂದ ಇದಕ್ಕೆ ಬೆಲೆ ಇದೆ.

ಹಸಿವು ಯಾಕೆ ಜಾಸ್ತಿ ಆಗುತ್ತದೆ? ದೇಹದಲ್ಲಿ ಹಸಿವನ್ನು ನಡೆಸುವ ಹಾರ್ಮೋನುಗಳು ಹಲವು. ಮುಖ್ಯವಾದ ಎರಡರಲ್ಲಿ ಒಂದು ಗ್ರೆಲಿನ್, ಅದು ಹೊಟ್ಟೆಯಿಂದ ಹೊರಟು 'ತಿನ್ನು' ಅಂತ ಮೆದುಳಿಗೆ ಹೇಳುತ್ತದೆ. ಇನ್ನೊಂದು ಲೆಪ್ಟಿನ್, ಅದು ಕೊಬ್ಬಿನ ಕೋಶಗಳಿಂದ ಹೊರಟು 'ಸಾಕು' ಅನ್ನುತ್ತದೆ. 2004ರಲ್ಲಿ ಅದೇ ಷಿಕಾಗೋದ ಸಂಶೋಧಕರು 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗಿನದಕ್ಕಿಂತ ಲೆಪ್ಟಿನ್ 18 ಶೇಕಡ ಕಡಿಮೆ, ಗ್ರೆಲಿನ್ 28 ಶೇಕಡ ಜಾಸ್ತಿ. ಆ ಹುಡುಗರಿಗೆ ಬೇಕೆನಿಸಿದ್ದು ಸೊಪ್ಪು, ತರಕಾರಿ ಅಲ್ಲ. ಸಿಹಿ, ಉಪ್ಪು ಖಾರದ ಕುರುಕಲು, ಅನ್ನ ಬ್ರೆಡ್ಡಿನಂಥವು. ಆಮೇಲಿನ ಎಲ್ಲಾ ಅಧ್ಯಯನಗಳಲ್ಲೂ ಹಾರ್ಮೋನುಗಳ ಲೆಕ್ಕ ಇದೇ ಥರ ಬಂದಿಲ್ಲ. ಆದರೆ ನಿದ್ದೆ ಕಡಿಮೆಯಾದವರು ಮರುದಿನ ಜಾಸ್ತಿ ತಿನ್ನುತ್ತಾರೆ ಅನ್ನುವುದು ಮತ್ತೆ ಮತ್ತೆ ಕಂಡಿದೆ.

ಇದರ ಇನ್ನೊಂದು ಮುಖವನ್ನು 2022ರಲ್ಲಿ ನೋಡಿದರು. ಆರೂವರೆ ಗಂಟೆಗಿಂತ ಕಡಿಮೆ ಮಲಗುವ, ತೂಕ ಜಾಸ್ತಿ ಇರುವ 80 ಜನ. ಅವರಲ್ಲಿ ಅರ್ಧ ಜನರಿಗೆ ನಿದ್ದೆ ಹೆಚ್ಚಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ರಾತ್ರಿ ಸುಮಾರು ಒಂದು ಗಂಟೆ ಹತ್ತು ನಿಮಿಷ ಹೆಚ್ಚು ಮಲಗಿದರು. ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು, ತಾವಾಗೇ. 30 ಗ್ರಾಂ ಎಣ್ಣೆಯಲ್ಲಿರುವಷ್ಟು ಕ್ಯಾಲೊರಿ ಅದು. ಯಾವ ಪಥ್ಯವೂ ಇಲ್ಲದೆ ಇಷ್ಟು ಸಿಗುವುದಾದರೆ ಯಾರು ಬೇಡ ಅಂತಾರೆ?

ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. 'ನನಗೆ ಐದು ಗಂಟೆ ಸಾಕು' ಅನ್ನುವವರಲ್ಲಿ ಹೆಚ್ಚಿನವರಿಗೆ ಅದು ಸಾಕಾಗಿರುವುದಿಲ್ಲ, ಅಭ್ಯಾಸ ಆಗಿರುತ್ತದೆ. ಬಸ್ಸಿನಲ್ಲಿ ಕೂತ ತಕ್ಷಣ ತೂಕಡಿಕೆ ಬರುತ್ತದಾ? ಅಲಾರಂ ಇಲ್ಲದೆ ಏಳೋಕೇ ಆಗಲ್ವಾ? ಹಾಗಾದರೆ ಸಾಲುತ್ತಿಲ್ಲ ಅಂತಲೇ ಅರ್ಥ.

ಮನೆಯಲ್ಲಿ ಕೊನೆಗೆ ಮಲಗುವವರು

ಏಳು ಗಂಟೆ ಮಲಗಿ ಅಂತ ಬರೆಯುವುದು ಸುಲಭ. ನಮ್ಮ ಮನೆಗಳಲ್ಲಿ ಅದು ಯಾರಿಗೆ ಸಿಗುತ್ತದೆ ಅಂತ ನೋಡಬೇಕು. ರಾತ್ರಿ ಎಲ್ಲರ ಊಟ ಆಗಿ, ಪಾತ್ರೆ ತೊಳೆದು, ಒಲೆ ಒರೆಸಿ, ದೋಸೆ ಹಿಟ್ಟು ರುಬ್ಬಿ, ಹಾಲಿಗೆ ಹೆಪ್ಪು ಹಾಕಿ ಮಲಗುವಾಗ ಹನ್ನೊಂದೂವರೆ. ಬೆಳಗಿನ ಜಾವ ನಲ್ಲಿ ನೀರು ಬಿಡುವ ಬಡಾವಣೆಯಾದರೆ ನಾಲ್ಕೂವರೆಗೆ ಏಳಬೇಕು. ಇಲ್ಲವಾದರೆ ಮಕ್ಕಳ ಡಬ್ಬಿಗೆ, ಗಂಡನ ಡಬ್ಬಿಗೆ ಐದೂವರೆಗೆ ಎಚ್ಚರ. ಹತ್ತು ಹದಿನೈದು ವರ್ಷ ಹೀಗೇ ನಡೆಯುತ್ತದೆ. ಆಮೇಲೆ ನಲವತ್ತೈದರ ಸುಮಾರಿಗೆ ಮುಟ್ಟು ನಿಲ್ಲುವ ಕಾಲ. ಆಗ ಕೊಬ್ಬು ಸೊಂಟದಿಂದ ಹೊಟ್ಟೆಯ ಕಡೆಗೆ ಸರಿಯುತ್ತದೆ, ಬಿಸಿ ಏರಿ ಬೆವರಿ ರಾತ್ರಿ ಎಚ್ಚರವಾಗುತ್ತದೆ. "ನೀನು ಅನ್ನ ಜಾಸ್ತಿ ತಿಂತೀಯ" ಅಂತ ಮನೆಯವರು ಹೇಳುತ್ತಾರೆ. ಆ ಹೆಂಗಸಿಗೆ ಬೇಕಿರುವುದು ಬುದ್ಧಿವಾದ ಅಲ್ಲ, ಇನ್ನೊಂದೂವರೆ ಗಂಟೆ ನಿದ್ದೆ.

ರಾತ್ರಿ ಪಾತ್ರೆ ಬೇರೆಯವರು ತೊಳೆಯಲಿ. ಬೆಳಗಿನ ತರಕಾರಿಯನ್ನು ಟಿ.ವಿ. ನೋಡುತ್ತಾ ಇನ್ನೊಬ್ಬರು ಹೆಚ್ಚಿಡಲಿ. ನೀರು ತುಂಬಲು ಮನೆಮಂದಿ ಸರದಿ ಹಾಕಿಕೊಳ್ಳಲಿ. ಮನೆಯಲ್ಲಿ ತೂಕ, ಸಕ್ಕರೆ, ಬಿ.ಪಿ. ಬಗ್ಗೆ ನಿಜವಾದ ಕಾಳಜಿ ಇದ್ದರೆ ಜಿಮ್ಮಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಮಾಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚುವುದರಿಂದಲೂ ಸ್ವಲ್ಪ ಚೇತರಿಕೆ ಇದೆ, ಆದರೆ ರಾತ್ರಿಯ ಕೊರತೆಯನ್ನು ಅದು ಪೂರ್ತಿ ತುಂಬಲ್ಲ.

ಉಳಿದವರ ತೊಂದರೆ ಬೇರೆ ಥರ. ಮೊಬೈಲ್ ಹಿಡಿದು ಮಲಗಿದರೆ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಚಾರ್ಜರನ್ನು ಹಾಸಿಗೆ ಪಕ್ಕದಿಂದ ತೆಗೆದು ಹೊರಗಿನ ಕೋಣೆಯಲ್ಲಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯೋಕೆ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆಯ ತೊಂದರೆ ಇರುವವರು ಕೊನೆಯ ಕಾಫಿಯನ್ನು ಮಧ್ಯಾಹ್ನ ಎರಡು ಮೂರಕ್ಕೇ ಮುಗಿಸಿ. ಮದ್ಯ ಕುಡಿದರೆ ಬೇಗ ನಿದ್ದೆ ಬರುತ್ತೆ ಅನ್ನುವವರಿದ್ದಾರೆ. ಬರುವುದು ಬೇಗ ಬರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧ ತುಂಡು ತುಂಡಾಗುತ್ತದೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ. ಭಾನುವಾರವೂ ಅದೇ ಹೊತ್ತಿಗೆ ಎದ್ದು, ಸ್ವಲ್ಪ ಹೊತ್ತು ಬಿಸಿಲು ಬೆಳಕಿಗೆ ಹೋಗಿ ಬಂದರೆ ರಾತ್ರಿ ನಿದ್ದೆ ತಾನಾಗೇ ಸರಿಯಾದ ಹೊತ್ತಿಗೆ ಬರತೊಡಗುತ್ತದೆ.

ರಾತ್ರಿ ಪಾಳಿಯವರಿಗೆ ಇದು ನಿಜಕ್ಕೂ ಕಷ್ಟ. ನರ್ಸ್‌ಗಳು, ಸೆಕ್ಯುರಿಟಿಯವರು, ಡ್ರೈವರ್‌ಗಳು, ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಬೆಂಗಳೂರಿನ ಹುಡುಗ ಹುಡುಗಿಯರು. ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ ಪೂರ್ತಿ ಕತ್ತಲೆ ಮಾಡಿಕೊಳ್ಳಿ. ಮಧ್ಯರಾತ್ರಿಯಿಂದ ಬೆಳಿಗ್ಗೆವರೆಗೆ ಹೊಟ್ಟೆ ತುಂಬಾ ಊಟ ಬೇಡ, ಹಸಿವಾದರೆ ಮಜ್ಜಿಗೆ, ಹಣ್ಣು, ಒಂದು ಹಿಡಿ ಹುರಿಗಡಲೆ ಸಾಕು.

ತಟ್ಟೆಯಲ್ಲಿ ಬೇಳೆ ಎಲ್ಲಿದೆ?

ಈಗ ಊಟಕ್ಕೆ ಬರೋಣ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ. ಮಧ್ಯಾಹ್ನ ಮುದ್ದೆ, ಮೇಲೆ ಅನ್ನ ಸಾರು. ಸಂಜೆ ಟೀ ಜೊತೆ ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಸಾರು, ಮಜ್ಜಿಗೆ, ಹಪ್ಪಳ. ದಿನವಿಡೀ ಹೆಚ್ಚುಕಮ್ಮಿ ಧಾನ್ಯವೇ. 2025ರಲ್ಲಿ ಐಸಿಎಂಆರ್ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು 62 ಶೇಕಡ ಕಾರ್ಬೋಹೈಡ್ರೇಟ್‌ನಿಂದ, ಅಂದರೆ ಪಿಷ್ಟ, ಸಕ್ಕರೆಯಂಥವುಗಳಿಂದ ಬರುತ್ತದೆ, ಪ್ರೋಟೀನ್‌ನಿಂದ ಬರುವುದು ಸುಮಾರು 12 ಶೇಕಡ ಮಾತ್ರ.

"ನಾವು ದಿನಾ ಬೇಳೆ ಸಾರು ಉಣ್ಣುತ್ತೀವಲ್ಲ" ಅಂತ ಕೇಳಬಹುದು. ಲೆಕ್ಕ ಹಾಕೋಣ. ನಾಲ್ಕು ಜನರ ಮನೆಯಲ್ಲಿ ಸಾರಿಗೆ 100 ಗ್ರಾಂ ತೊಗರಿಬೇಳೆ ಬೇಯಿಸಿದರು ಅಂತಿಟ್ಟುಕೊಳ್ಳಿ. ಅದೇ ಸಾರು ಮಧ್ಯಾಹ್ನಕ್ಕೂ ರಾತ್ರಿಗೂ. ಒಬ್ಬರಿಗೆ ದಿನಕ್ಕೆ ಬಂದದ್ದು 25 ಗ್ರಾಂ ಬೇಳೆ. ತೊಗರಿಬೇಳೆಯಲ್ಲಿ ಪ್ರೋಟೀನ್ 100 ಗ್ರಾಂಗೆ ಸುಮಾರು 22 ಗ್ರಾಂ, ಹಾಗಾಗಿ ಒಬ್ಬರಿಗೆ ಸಿಕ್ಕಿದ್ದು ಐದೂವರೆ ಗ್ರಾಂ. ತಿಳಿ ಸಾರಾದರೆ ಅಷ್ಟೂ ಇಲ್ಲ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದ್ದು ಸುಮಾರು 50 ಗ್ರಾಂ. ಅಕ್ಕಿಯಲ್ಲೂ ಪ್ರೋಟೀನ್ ಇದೆ, 100 ಗ್ರಾಂಗೆ ಎಂಟು ಗ್ರಾಂ ಹತ್ತಿರ. ಆದರೆ ಅದರ ಜೊತೆ 75 ಗ್ರಾಂಗೂ ಹೆಚ್ಚು ಪಿಷ್ಟವೂ ಬರುತ್ತದೆ. ಪ್ರೋಟೀನಿಗೋಸ್ಕರ ಅನ್ನ ಉಂಡರೆ ಹೊಟ್ಟೆ ಬೆಳೆಯುತ್ತದೆ, ಸ್ನಾಯು ಬೆಳೆಯಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿ.ಲೀ., ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಎಲ್ಲಾ ಬೇಯಿಸುವ ಮೊದಲಿನ ತೂಕ. 25 ಗ್ರಾಂ ಎಲ್ಲಿ, 85 ಗ್ರಾಂ ಎಲ್ಲಿ!

ಇದಕ್ಕೆ ಹೊಸ ಅಡುಗೆ ಏನೂ ಕಲಿಯಬೇಕಿಲ್ಲ. ಬಸ್ಸಾರು ನೆನಪು ಮಾಡಿಕೊಳ್ಳಿ. ಹುರುಳಿಯೋ ಅಲಸಂದೆಯೋ ಕಾಳು, ಜೊತೆಗೆ ಒಂದು ಕಟ್ಟು ಸೊಪ್ಪು ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಆದರೆ ನಾವು ಮಾಡುವುದೇನು? ಸಾರನ್ನು ಅನ್ನದ ಮೇಲೆ ಧಾರಾಳವಾಗಿ ಸುರಿದುಕೊಂಡು, ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಕೊಳ್ಳುತ್ತೇವೆ. ಪಲ್ಯ ಒಂದು ಬಟ್ಟಲು ತುಂಬಾ, ಮುದ್ದೆ ಅರ್ಧ ಅಂತ ತಿರುಗಿಸಿದರೆ ಮುಗಿಯಿತು. ತೊಗರಿಬೇಳೆ ರುಬ್ಬಿ ಸಬ್ಬಸಿಗೆ ಸೊಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ನುಚ್ಚಿನುಂಡೆ ಬೆಳಗಿನ ತಿಂಡಿಗೆ ಇಡ್ಲಿಗಿಂತ ಎಷ್ಟೋ ವಾಸಿ. ಹೆಸರುಬೇಳೆ ಕೋಸಂಬರಿ ರಾಮನವಮಿಗೆ ಮಾತ್ರ ಯಾಕೆ? ಬೆಂಗಳೂರು ಮೈಸೂರು ಕಡೆ ಚಳಿಗಾಲದಲ್ಲಿ ಅವರೆಕಾಳು ಯಥೇಚ್ಛ. ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ಝುಣಕ, ಮಡಿಕೆಕಾಳು, ಶೇಂಗಾ ಚಟ್ನಿ, ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಎಲ್ಲಾ ಇವೆ. ಅಲ್ಲಿ ಮಾಡಬೇಕಾದ್ದು ರೊಟ್ಟಿ ಒಂದು ಕಡಿಮೆ, ಪಲ್ಯ ಒಂದು ಸೌಟು ಜಾಸ್ತಿ. ಕರಾವಳಿಯವರಿಗೆ ಮೀನಿದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ ಆರು ಗ್ರಾಂ ಪ್ರೋಟೀನ್. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ತಿನ್ನುವ ಕ್ರಮವೂ ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದ 11 ಜನರ ಮೇಲೆ ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ 2015ರಲ್ಲಿ ಪ್ರಕಟಿಸಿದರು. ಅದೇ ಊಟದಲ್ಲಿ ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ, ಒಂದು ಗಂಟೆಯ ನಂತರದ ಸಕ್ಕರೆ 37 ಶೇಕಡ ಕಡಿಮೆ ಇತ್ತು. ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಡಿಸಿರುತ್ತಾರಲ್ಲ, ಅನ್ನ ಬರುವುದರೊಳಗೆ ಅವನ್ನು ತಿಂದು ಮುಗಿಸಿ.

ರಾಗಿ, ಸಿರಿಧಾನ್ಯದ ಬಗ್ಗೆ ಒಂದು ಮಾತು

ಇದು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಅನ್ನ ಬಿಟ್ಟು ಮುದ್ದೆಗೆ ಬಂದೆ, ನವಣೆಗೆ ಬಂದೆ, ಇನ್ನು ಎಷ್ಟು ತಿಂದರೂ ಪರವಾಗಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ತುಂಬಾ ಬೆಳೆದಿದೆ. ರಾಗಿಯ ಗುಣ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರಿನಂಶವೂ ಚೆನ್ನಾಗಿದೆ. ಆದರೆ ಕ್ಯಾಲೊರಿ? ಅಕ್ಕಿಯಲ್ಲಿ ಸುಮಾರು 350, ರಾಗಿಯಲ್ಲಿ ಸುಮಾರು 320. ವ್ಯತ್ಯಾಸ ಅಷ್ಟೇ. ಮೇಲೆ ಹೇಳಿದ 2025ರ ಅಧ್ಯಯನದಲ್ಲೂ ಬಿಳಿ ಅಕ್ಕಿ, ಮೈದಾದ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಅಂತ ಸುಮ್ನೆ ಬದಲಾಯಿಸಿದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುವುದು ಕಾಣಲಿಲ್ಲ. ಅಪಾಯ ಇಳಿದದ್ದು ಕಾರ್ಬೋಹೈಡ್ರೇಟ್ ಒಂದಿಷ್ಟು ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನಂಥ ಪ್ರೋಟೀನ್ ತಂದಾಗ.

ಹೊಲದಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿದವರು ಎರಡು ಮುದ್ದೆ ಉಂಡು ಕರಗಿಸುತ್ತಿದ್ದರು. ಅವರ ಮೊಮ್ಮಕ್ಕಳು ಕುರ್ಚಿ ಮೇಲೆ ಕೂತು ಎರಡು ಮುದ್ದೆ ಉಂಡರೆ ಅದು ಹೊಟ್ಟೆಗೇ ಸೇರುತ್ತದೆ. ಒಂದು ಮುದ್ದೆ ಉಣ್ಣಿ, ಸಂತೋಷವಾಗಿ ಉಣ್ಣಿ. ಅದರ ಮೇಲೆ ಅನ್ನ ಬೇಡ, ಅಷ್ಟೇ.

ಎಣ್ಣೆಯ ಲೆಕ್ಕ ಇನ್ನೂ ಸುಲಭ. ಒಬ್ಬರಿಗೆ ದಿನಕ್ಕೆ 27 ಗ್ರಾಂ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ತುಪ್ಪವೂ ಸೇರಿ ಸುಮಾರು ಮೂರೂವರೆ ಲೀಟರ್. ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಖಾಲಿಯಾಗುತ್ತದೆ ಅಂತ ದಿನಸಿ ಚೀಟಿ ನೋಡಿ. ಟೀ ಕಾಫಿಯ ಸಕ್ಕರೆಯೂ ಹಾಗೇ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 40 ಗ್ರಾಂ, 160 ಕ್ಯಾಲೊರಿ.

ಊಟದ ಹೊತ್ತು ಮುಖ್ಯ. ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದರೆ ಎದೆಯುರಿ, ಹೊಟ್ಟೆ ಭಾರ, ನಿದ್ದೆಯೂ ಹಾಳು. ಬಾಸ್ಟನ್ನಿನಲ್ಲಿ 16 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದೇ ಊಟವನ್ನು ನಾಲ್ಕು ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ದೇಹ ಖರ್ಚು ಮಾಡುವ ಶಕ್ತಿಯೂ ಸ್ವಲ್ಪ ಇಳಿಯಿತು. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ಊಟ ಮುಗಿದರೆ ಒಳ್ಳೆಯದು. ಟ್ರಾಫಿಕ್‌ನಲ್ಲಿ ಸಿಕ್ಕಿ ಮನೆ ಸೇರುವಾಗ ಒಂಬತ್ತಾಗುವವರು ಏನು ಮಾಡಬೇಕು? ಚಪಾತಿ ಪಲ್ಯವನ್ನು ಇನ್ನೊಂದು ಡಬ್ಬಿಯಲ್ಲಿ ಒಯ್ದು ಸಂಜೆ ಆರೂವರೆಗೆ ಆಫೀಸಲ್ಲೇ ತಿನ್ನಿ. ಆ ಹೊತ್ತಿನ ಬಜ್ಜಿ ಬಿಸ್ಕತ್ತೂ ತಪ್ಪುತ್ತದೆ. ಮನೆಗೆ ಬಂದ ಮೇಲೆ ಒಂದು ಬಟ್ಟಲು ಕಾಳು ಸಾರು, ಒಂದು ಲೋಟ ಮಜ್ಜಿಗೆ ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಹೊತ್ತು ಬದಲಾಯಿಸಬೇಡಿ, ಊಟ ತಪ್ಪಿಸಬೇಡಿ. ಸಕ್ಕರೆ ತೀರಾ ಇಳಿದುಬಿಡಬಹುದು.

ನಡಿಗೆ, ಬಸ್ಕಿ, ಗೊರಕೆ

ಊಟವಾದ ತಕ್ಷಣ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯು ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕೇ ಬೇಕು. ಆದರೆ ನಡಿಗೆಯೊಂದೇ ಸ್ನಾಯು ಉಳಿಸಲ್ಲ, ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಭಾರದ ಕೆಲಸ ಬೇಕು. ಗರಡಿಮನೆಯ ದಂಡ, ಬಸ್ಕಿ ಅದಕ್ಕೇ ಇದ್ದದ್ದು. ಅರವತ್ತು ದಾಟಿದವರು ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೂ ಒಳ್ಳೆಯ ಆರಂಭ. ಪಥ್ಯ ಮಾಡುವಾಗ ಇದನ್ನು ಬಿಟ್ಟರೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲು ಜಾಸ್ತಿಯಾಗುತ್ತದೆ.

ಗೊರಕೆಯನ್ನು ನಮ್ಮಲ್ಲಿ ಒಳ್ಳೆಯ ನಿದ್ದೆಯ ಗುರುತು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಜೋರು ಗೊರಕೆ ಹೊಡೆಯುತ್ತಾ, ಮಧ್ಯೆ ಕೆಲವು ಸೆಕೆಂಡು ಉಸಿರೇ ನಿಂತು, ಆಮೇಲೆ ಬಿಕ್ಕಿದಂತೆ ಉಸಿರೆಳೆದುಕೊಳ್ಳುವುದು ಸ್ಲೀಪ್ ಅಪ್ನಿಯಾ ಎಂಬ ಕಾಯಿಲೆಯ ಲಕ್ಷಣ. ಗಂಟಲಿನ ದಾರಿ ಮುಚ್ಚಿ ಆಮ್ಲಜನಕ ಇಳಿಯುತ್ತದೆ, ಮೆದುಳು ಎಬ್ಬಿಸುತ್ತದೆ, ರಾತ್ರಿಯಲ್ಲಿ ಎಷ್ಟೋ ಸಲ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆಭಾರ, ಹಗಲು ತೂಕಡಿಕೆ, ಮಾತ್ರೆಗೂ ಬಗ್ಗದ ಬಿ.ಪಿ. ತೂಕ ಜಾಸ್ತಿಯಾದರೆ ಇದು ಬರುತ್ತದೆ. ಇದು ಬಂದರೆ ತೂಕ ಇಳಿಸುವುದು ಇನ್ನೂ ಕಷ್ಟ. ಮಲಗಿದವರಿಗೆ ಗೊತ್ತಾಗಲ್ಲ, ಪಕ್ಕದಲ್ಲಿರುವವರೇ ಗಮನಿಸಿ ಹೇಳಬೇಕು. ಒಂದು ರಾತ್ರಿಯ ನಿದ್ದೆ ಪರೀಕ್ಷೆಯಿಂದ ಪತ್ತೆಯಾಗುತ್ತದೆ, ಒಳ್ಳೆಯ ಚಿಕಿತ್ಸೆ ಇದೆ. ಹಾಗೆಯೇ ಪಥ್ಯ, ನಿದ್ದೆ ಏನೂ ಬದಲಾಗದೆ ತೂಕ ತಾನಾಗೇ ಏರಿದರೂ ಇಳಿದರೂ ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ಮಾಡಿದರೂ ಮಷೀನ್ ಮುಳ್ಳು ಅಲುಗದೇ ಹೋಗಬಹುದು. ಅಂಥವರಿಗೆ ಚೆನ್ನೈನ ಒಂದು ಅಧ್ಯಯನದ ಬಗ್ಗೆ ಹೇಳಬೇಕು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಆರಿಸಿಕೊಂಡು ಸುಮಾರು ಮೂರು ವರ್ಷ ಗಮನಿಸಿದರು. 2006ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ನಡಿಗೆ, ಸಕ್ಕರೆ, ಎಣ್ಣೆ, ಪಾಲಿಶ್ ಮಾಡಿದ ಧಾನ್ಯ ಕಡಿಮೆ, ನಾರಿನಂಶ ಜಾಸ್ತಿ ಅಂತ ಹೇಳಿಕೊಟ್ಟು ಆಗಾಗ ವಿಚಾರಿಸಿದರು. ಏನೂ ಹೇಳಿಕೊಡದ ಗುಂಪಿನಲ್ಲಿ 55 ಶೇಕಡ ಜನರಿಗೆ ಸಕ್ಕರೆ ಕಾಯಿಲೆ ಬಂತು. ಹೇಳಿಕೊಟ್ಟ ಗುಂಪಿನಲ್ಲಿ ಬಂದದ್ದು 39 ಶೇಕಡ ಜನರಿಗೆ. ಅವರ ತೂಕ ಮಾತ್ರ ಹೆಚ್ಚುಕಮ್ಮಿ ಮೊದಲಿದ್ದಷ್ಟೇ ಇತ್ತು.